ಬಿಸಿಲೇರಿದಂತೆ ನೆರಳು ಹೆಚ್ಚಿಸುವ ಗಾಜು: ಸೋಲಾರ್‌ಲೀಫ್ ಫಲಕಗಳ ವಿಮರ್ಶೆ

ಗಾಜಿನ ಹೊರಗೋಡೆಯುಳ್ಳ ಕಟ್ಟಡದೊಳಗೆ ಬಿಸಿಲು ಸಲೀಸಾಗಿ ಬರುತ್ತದೆ. ಆದರೆ ಅದರಿಂದ ಕಾದ ನೆಲ, ಗೋಡೆ, ಮೇಜುಗಳು ಹೊರಸೂಸುವ ಶಾಖ ಅಷ್ಟೇ ಸುಲಭವಾಗಿ ಗಾಜನ್ನು ದಾಟಿ ಹೊರಹೋಗುವುದಿಲ್ಲ. ಲೇಪನವಿರುವ ಗಾಜು ಬಿಸಿಲನ್ನು ತಡೆಯುತ್ತದೆಯಾದರೂ, ಬಿಸಿಲು ಬೇಕಾದ ಚಳಿಗಾಲದಲ್ಲೂ ಅಷ್ಟೇ ತಡೆಯುತ್ತದೆ. ಅರುಪ್, ಕೋಲ್ಟ್ ಮತ್ತು ಎಸ್‌ಎಸ್‌ಸಿ (ಸ್ಟ್ರಾಟೆಜಿಕ್ ಸೈನ್ಸ್ ಕನ್ಸಲ್ಟ್) ಸಂಸ್ಥೆಗಳು ಸೇರಿ ರೂಪಿಸಿದ ಸೋಲಾರ್‌ಲೀಫ್ ಎಂಬ ಗಾಜಿನ ಫಲಕ ಈ ತೊಡಕಿಗೆ ಕಂಡುಕೊಂಡ ಪರಿಹಾರ ಜೀವಂತ ಪಾಚಿ. 2013ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಬಿಐಕ್ಯೂ ವಸತಿ ಕಟ್ಟಡದ ಬಿಸಿಲು ಬೀಳುವ ಎರಡು ಮುಖಗಳಿಗೆ ಇಂಥ 129 ಫಲಕಗಳನ್ನು ಅಳವಡಿಸಲಾಯಿತು.

ಫಲಕದ ರಚನೆಯನ್ನು ಹತ್ತಿರದಿಂದ ನೋಡಬೇಕು. ನಾಲ್ಕು ಪದರ ಗಾಜಿನ ನಡುವೆ, ಕೇವಲ 18 ಮಿಲಿಮೀಟರ್ ಅಗಲದ ಸಂದಿಯಲ್ಲಿ, ಸುಮಾರು 24 ಲೀಟರ್ ನೀರಿನಲ್ಲಿ ಸೂಕ್ಷ್ಮಪಾಚಿ ತೇಲುತ್ತಿರುತ್ತದೆ. ಕೆಳಗಿನಿಂದ ಒತ್ತಡದಲ್ಲಿ ಬಿಡುವ ಗಾಳಿ ಗುಳ್ಳೆಗಳಾಗಿ ಮೇಲೇರುತ್ತ ಪಾಚಿಯನ್ನು ಕಲಕುತ್ತದೆ, ಅದು ಗಾಜಿನ ಒಳಮೈಗೆ ಅಂಟಿಕೊಳ್ಳದಂತೆಯೂ ನೋಡಿಕೊಳ್ಳುತ್ತದೆ. ಪಾಚಿಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಅನಿಲ ಉರಿಸಿದ ಹೊಗೆಯಿಂದ ಸಿಗುತ್ತದೆ. ಬಿಸಿಲು ಹೆಚ್ಚಿದಷ್ಟೂ ಪಾಚಿ ದಟ್ಟವಾಗಿ ಬೆಳೆಯುವುದರಿಂದ ನೆರಳೂ ಹೆಚ್ಚುತ್ತದೆ. ನೆರಳಿನ ಪ್ರಮಾಣವನ್ನು ಬಿಸಿಲೇ ನಿರ್ಧರಿಸುವ ಈ ಗುಣ ನನಗೆ ಅತ್ಯಂತ ಮೆಚ್ಚುಗೆಯಾದುದು. ಮಾಮೂಲು ಗಾಜು ಒಳಗೆ ಬಿಟ್ಟುಬಿಡುವ ಶಾಖ ಇಲ್ಲಿ ನೀರಿನಲ್ಲಿ ಸೇರಿಕೊಂಡು, ಶಾಖ ವಿನಿಮಯಕದ ಮೂಲಕ ಬಿಸಿನೀರಿಗೋ ಕೋಣೆ ಬೆಚ್ಚಗಿಡುವುದಕ್ಕೋ ಒದಗುತ್ತದೆ.

ಬಿದ್ದ ಬೆಳಕಿನಲ್ಲಿ ಸುಮಾರು 38% ಶಾಖವಾಗಿ, 10% ಪಾಚಿಯ ಬೆಳವಣಿಗೆಯಾಗಿ ದಕ್ಕುತ್ತದೆ ಎಂಬುದು ವಿನ್ಯಾಸಕಾರರ ಲೆಕ್ಕ. ಬರೀ ಬಿಸಿನೀರು ಬೇಕೆನ್ನುವವರಿಗೆ ಸಾಮಾನ್ಯ ಸೌರ ವಾಟರ್ ಹೀಟರ್ ಇದಕ್ಕಿಂತ ಹೆಚ್ಚು ಶಾಖ ಕೊಡುತ್ತದೆ; ಆದ್ದರಿಂದ ನೆರಳು, ಶಾಖ, ಪಾಚಿ ಈ ಮೂರೂ ಬೇಕಾದವರಿಗಷ್ಟೇ ಈ ಫಲಕ ಅರ್ಥಪೂರ್ಣ.

ಇದು ಕಿಟಕಿಗೆ ಬದಲಿ ಎಂದು ಯಾರೂ ಭಾವಿಸಬಾರದು. ಹಸಿರು ನೀರಿನಾಚೆಯ ನೋಟ ಮಸುಕಾಗಿರುತ್ತದೆ. ಹಾಗಾಗಿಯೇ ಬಿಐಕ್ಯೂನಲ್ಲಿ ಫಲಕಗಳು ಮುಖ್ಯ ಗೋಡೆಯ ಮುಂದೆ ಎರಡನೆಯ ಹೊದಿಕೆಯಾಗಿ ನಿಂತಿವೆ. ಇನ್ನು ನಿರ್ವಹಣೆಯ ಹೊರೆ ನಿಜಕ್ಕೂ ದೊಡ್ಡದು. ನೀರು ವಿಪರೀತ ಕಾದರೆ ಪಾಚಿ ಸಾಯುತ್ತದೆ, ಪೋಷಕಾಂಶ ತಪ್ಪಿದರೆ ಸೊರಗುತ್ತದೆ, ಬೆಳೆದದ್ದನ್ನು ಆಗಾಗ ತೆಗೆಯಲೇಬೇಕು, ಗಾಳಿ ತುಂಬುವ ಯಂತ್ರಕ್ಕೂ ಪಂಪಿಗೂ ವಿದ್ಯುತ್ ಬೇಕು. ಪಾಚಿಯ ಆರೈಕೆ ಬಲ್ಲ ಒಬ್ಬ ತಂತ್ರಜ್ಞರಾದರೂ ಇಲ್ಲದ ಕಟ್ಟಡಕ್ಕೆ ನಾನು ಇದನ್ನು ಶಿಫಾರಸು ಮಾಡಲಾರೆ.

ಕಾಯಂ ನಿರ್ವಹಣಾ ಸಿಬ್ಬಂದಿಯಿದ್ದು, ವರ್ಷವಿಡೀ ಬಿಸಿನೀರು ಬೇಕಾಗುವ ಆಸ್ಪತ್ರೆ ಅಥವಾ ವಿದ್ಯಾರ್ಥಿನಿಲಯದಂಥ ಕಟ್ಟಡಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಅಲ್ಲಿಯೂ ಕೊಳ್ಳುವ ಮುನ್ನ, ಪಂಪು ಮತ್ತು ಗಾಳಿ ತುಂಬುವ ಯಂತ್ರ ನುಂಗುವ ವಿದ್ಯುತ್ತನ್ನು ಕಳೆದು ಉಳಿಯುವ ನಿವ್ವಳ ಶಾಖದ ಇಡೀ ವರ್ಷದ ಅಳತೆಯನ್ನು ತಯಾರಕರಿಂದ ಬರಹದಲ್ಲಿ ಪಡೆದುಕೊಳ್ಳಬೇಕು.