ಶೇಂಗಾ ಎಲೆಚುಕ್ಕೆಗೆ ಸ್ಯಾಲಿಸಿಲಿಕ್ ಆಮ್ಲವೋ, ಮ್ಯಾಂಕೋಜೆಬ್ಬೋ?

ಚಳ್ಳಕೆರೆ ಸೀಮೆಯ ಮಳೆಯಾಶ್ರಿತ ಶೇಂಗಾಕ್ಕೆ, ಅದರಲ್ಲೂ ಟಿಎಂವಿ-2 ತಳಿ ಬಿತ್ತಿದ ಹೊಲಕ್ಕೆ, ಮೊದಲ ಸಿಂಪಡಣೆ ಸ್ಯಾಲಿಸಿಲಿಕ್ ಆಮ್ಲದ್ದೇ ಆಗಲಿ ಎನ್ನುವ ಕಡೆಯವನು ನಾನು. ಮ್ಯಾಂಕೋಜೆಬ್ ಮುಂತಾದ ಉಳಿದ ಔಷಧಿಗಳನ್ನೂ ಪಕ್ಕದ ಸಾಲುಗಳಿಗೆ ಹೊಡೆದು ನೋಡಿದ ಮೇಲೆ ಹೇಳುವ ಮಾತಿದು.

ಮ್ಯಾಂಕೋಜೆಬ್ ಎಲೆಯ ಮೇಲೆ ಕೂತು ಶಿಲೀಂಧ್ರವನ್ನು ತಡೆಯುತ್ತದೆ. ಜೋರು ಮಳೆ ಬಂದರೆ ತೊಳೆದುಹೋಯಿತು. ಆಮೇಲೆ ಬಂದ ಚಿಗುರಿಗೆ ಅದರ ಕಾವಲಿಲ್ಲ. ಸ್ಯಾಲಿಸಿಲಿಕ್ ಆಮ್ಲವೋ ಗಿಡದ್ದೇ ಹಾರ್ಮೋನು. ಹೊರಗಿಂದ ಕೊಟ್ಟರೆ ರೋಗ ಬಂತೆಂದೇ ತಿಳಿದು ಎಲೆ ಕೈಟಿನೇಸ್, ಗ್ಲುಕನೇಸ್ ಕಿಣ್ವಗಳನ್ನು ಮಾಡಿಟ್ಟುಕೊಳ್ಳುತ್ತದೆ. ಶಿಲೀಂಧ್ರದ ಕೋಶಭಿತ್ತಿಯನ್ನು ಕತ್ತರಿಸುವುದು ಇವುಗಳ ಕೆಲಸ. ಹೊಸ ಎಲೆಗೂ ಸುದ್ದಿ ಮುಟ್ಟುತ್ತದೆ. ಆದರೆ ಈ ತಯಾರಿಗೆ ಎರಡು ಮೂರು ದಿನ ಹಿಡಿಯುವುದರಿಂದ ಬಿತ್ತಿ 30 ದಿನಕ್ಕೆ, ಚುಕ್ಕೆ ಕಾಣುವ ಮೊದಲೇ ಹೊಡೆಯಬೇಕು. ಬಿದ್ದ ಚುಕ್ಕೆ ಇದರಿಂದ ಮಾಯುವುದಿಲ್ಲ.

ತಾಪತ್ರಯವೆಲ್ಲ ಕರಗಿಸುವುದರಲ್ಲಿ. 15 ಲೀಟರ್ ಕ್ಯಾನಿಗೆ ಬೇಕಾದ್ದು 2 ಗ್ರಾಂ ಪುಡಿ, ಎಕರೆಯ 200 ಲೀಟರಿಗೆ ಸುಮಾರು 27 ಗ್ರಾಂ. ತಣ್ಣೀರಿಗೆ ಸುರಿದರೆ ಬಿಳಿ ಗಂಟಾಗಿ ತೇಲಿ, ನಾಝಲಿನ ಜಾಲರಿಗೆ ಕೂರುತ್ತದೆ. ಅರ್ಧ ಲೀಟರ್ ಕುದಿನೀರನ್ನು ಸ್ಟೀಲ್ ಚೊಂಬಿನಲ್ಲಿಟ್ಟು ಪುಡಿ ಹಾಕಿ ಕಲಕಿದರೆ ನೀರು ತಿಳಿಯಾಗುತ್ತದೆ. ತಕ್ಷಣ ಕ್ಯಾನಿನ ನೀರಿಗೆ ಕಲಕುತ್ತಾ ಸುರಿಯಿರಿ. ಚೊಂಬಿನಲ್ಲೇ ಆರಲು ಬಿಟ್ಟರೆ ತಳದಲ್ಲಿ ಸೂಜಿಯಂಥ ಹರಳು ಕಟ್ಟಿ, ಮತ್ತೆ ಕಾಯಿಸಬೇಕಾಗುತ್ತದೆ.

ತುಕ್ಕು ಹಿಡಿದ ಡ್ರಮ್ಮಿನಲ್ಲಿ ಕಲಸಬೇಡಿ. ಕಬ್ಬಿಣದ ಜೊತೆ ಸೇರಿ ನೀರು ನೇರಳೆಗೆ ತಿರುಗುತ್ತದೆ, ಆಮ್ಲದ ಒಂದು ಪಾಲು ಅಲ್ಲೇ ಹೋಯಿತು. ಚಮಚದ ಅಂದಾಜೂ ಬೇಡ, ಅಕ್ಕಸಾಲಿಗರು ಬಳಸುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ. ಪ್ರಮಾಣ ಮೀರಿದರೆ ಎಲೆಯಂಚು ಸುಡುತ್ತದೆ, ನೋಡಿದವರು ರೋಗವೆಂದುಕೊಂಡು ಇನ್ನೊಂದು ಔಷಧಿ ಹೊಡೆಯುತ್ತಾರೆ.

ಮೀಥೈಲ್ ಜಾಸ್ಮೊನೇಟ್ ಎಂಬ ಗಿಡದ ಇನ್ನೊಂದು ಹಾರ್ಮೋನು ಮಲ್ಲಿಗೆಯ ಪರಿಮಳದ್ದು, ದುಬಾರಿ. ಅಂಗಾಂಶವನ್ನು ಕೊಂದು ತಿನ್ನುವ ಶಿಲೀಂಧ್ರಗಳಿಗೆ ಅದರ ದಾರಿ ಸರಿ. ತುಕ್ಕು ರೋಗದಂತೆ ಜೀವಂತ ಎಲೆಯಲ್ಲೇ ಬದುಕುವ ರೋಗಕ್ಕೆ ಸ್ಯಾಲಿಸಿಲಿಕ್ಕೇ ವಾಸಿ. ಎರಡನ್ನೂ ಒಂದೇ ಕ್ಯಾನಿಗೆ ಹಾಕಬೇಡಿ, ಗಿಡದೊಳಗೆ ಒಂದು ಇನ್ನೊಂದನ್ನು ತುಳಿಯುತ್ತದೆ.

ಹೆಕ್ಸಾಕೊನಜೋಲ್ ಎಂಬ ಶಿಲೀಂಧ್ರನಾಶಕವನ್ನು ಮಾತ್ರ ಬಿಡಲಾಗದು. ಕೆಳಗಿನ ಎಲೆಗಳಲ್ಲಿ ಚುಕ್ಕೆ ಕಂಡ ದಿನ ಲೀಟರಿಗೆ 1 ಮಿ.ಲೀ., ಅಲ್ಲಿಗೆ ಹಾರ್ಮೋನಿನ ಪಾಳಿ ಮುಗಿಯಿತು. ರೋಗ ತಡೆಯುವ ಜಿಪಿಬಿಡಿ-4 ತಳಿ ಬಿತ್ತಿದವರಿಗೆ ಈ ಲೆಕ್ಕಾಚಾರ ಅಷ್ಟಾಗಿ ಬೇಕಿಲ್ಲ. ನನ್ನ ಕೈಗೆ ಎಟುಕುವುದು ಸೀಸನ್ನಿಗೆ ಹೆಕ್ಸಾಕೊನಜೋಲಿನ ಒಂದೇ ಬಾಟಲಿ. ಮೊದಲ ಸುತ್ತನ್ನು ಆಮ್ಲದಲ್ಲಿ ಕಳೆದರೆ ಅದು ಎರಡನೆಯದಕ್ಕೆ ಉಳಿದಿರುತ್ತದೆ.