ಭೂತದ ಮನೆಗೆ ಯಾವುದು: ಪಿಐಆರ್ ಸೆನ್ಸರೋ, ಚಾಪೆಯಡಿಯ ಸ್ವಿಚ್ಚೋ?

ಅಕ್ಟೋಬರ್ 31ರ ಹ್ಯಾಲೋವೀನ್‌ಗಾಗಿ ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ, ಮಕ್ಕಳು ಬಂದಾಗ ಆಟಿಕೆ ಅಸ್ಥಿಪಂಜರ ತಾನೇ ಎದ್ದು ಕಿರುಚುವಂತೆ ಮಾಡಲು ಎರಡನ್ನೂ ಬಳಸಿ ನೋಡಿದೆ. ಪಿಐಆರ್ ಸೆನ್ಸರ್ ದೇಹದ ಶಾಖದ ಚಲನೆಯನ್ನು ಗುರುತಿಸುತ್ತದೆ. ಎಚ್‌ಸಿ-ಎಸ್‌ಆರ್501 ಮಾದರಿ ಸುಮಾರು 7 ಮೀಟರ್ ದೂರದವರೆಗೂ ಗ್ರಹಿಸುತ್ತದೆ. ಚಾಲೂ ಮಾಡಿದ ಮೇಲೆ ಅದು ಸಿದ್ಧವಾಗಲು ಒಂದು ನಿಮಿಷ ಬಿಡಬೇಕು. ಆದರೆ ಮಗು ಇನ್ನೂ ಹೊಸ್ತಿಲಲ್ಲಿರುವಾಗಲೇ ಅಸ್ಥಿಪಂಜರ ಎದ್ದು ಕುಳಿತರೆ ಭಯವೆಲ್ಲಿ? ಬೆಕ್ಕು ಸುಳಿದರೂ ಸಾಕು, ಅಸ್ಥಿಪಂಜರ ಕಿರುಚುತ್ತದೆ. ಸೆನ್ಸರಿಗೆ ರಟ್ಟಿನ ಕೊಳವೆ ತೊಡಿಸಿ ನೋಟವನ್ನು ಕಿರಿದಾಗಿಸಬಹುದು.

ಚಾಪೆಯಡಿಯ ಸ್ವಿಚ್ ಹೆಜ್ಜೆಯಿಟ್ಟ ಕ್ಷಣಕ್ಕೇ ಕೆಲಸ ಮಾಡುತ್ತದೆ. ಎರಡು ರಟ್ಟು, ಅಲ್ಯೂಮಿನಿಯಂ ಹಾಳೆ, ನಡುವೆ ತೂತು ಕೊರೆದ ಸ್ಪಂಜು ಇದ್ದರೆ ಮನೆಯಲ್ಲೇ ಸಿದ್ಧವಾಗುತ್ತದೆ. ಇಕ್ಕಟ್ಟಾದ ಓಣಿಗೆ ನನ್ನ ಆಯ್ಕೆ ಚಾಪೆಯೇ. ಅದರಲ್ಲಿ 5 ವೋಲ್ಟ್ ಮಾತ್ರ ಇರಲಿ. 230 ವೋಲ್ಟ್ ತಂತಿ ಮಕ್ಕಳ ಕಾಲಡಿ ಸುಳಿಯಲೇಬಾರದು.