ಮಕ್ಕಳ ಮಾತು ಬರೆದಿಡಲು ಎಲಾನ್: ಮಲೆನಾಡಿನ ಮನೆಗಳಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ?

ಮಗು ಮಾತು ಕಲಿಯುವ ಬಗೆಯನ್ನು ಅಭ್ಯಾಸ ಮಾಡುವವರಿಗೆ ರೆಕಾರ್ಡಿಂಗ್ ಸುಲಭದ ಭಾಗ. ಕಷ್ಟ ಶುರುವಾಗುವುದು ಅದನ್ನು ಬರೆದಿಡಲು ಕೂತಾಗ. ಯಾರು ಹೇಳಿದ್ದು, ಯಾರಿಗೆ, ಯಾವ ಕ್ಷಣದಲ್ಲಿ, ಆಗ ಕೈಯಲ್ಲಿ ಏನಿತ್ತು ಎಂಬುದೆಲ್ಲ ಮಾತಿನ ಜತೆಗೇ ಉಳಿಯಬೇಕು. ವರ್ಡ್ ಫೈಲಿನಲ್ಲಿ ಬರೆದಿಟ್ಟರೆ ಆರು ತಿಂಗಳಾದ ಮೇಲೆ ಆ ಸಾಲು ರೆಕಾರ್ಡಿಂಗಿನಲ್ಲಿ ಎಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸ. ಎಲಾನ್ ಇದಕ್ಕೆಂದೇ ಇರುವ ಸಾಫ್ಟ್‌ವೇರ್. ನೆದರ್ಲೆಂಡ್ಸಿನ ನೈಮೇಖನ್ ನಗರದಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆ ಇದನ್ನು ತಯಾರಿಸಿ ಪುಕ್ಕಟೆ ಕೊಡುತ್ತಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಒಮ್ಮೆ ಇಳಿಸಿಕೊಂಡರೆ ಮುಂದಕ್ಕೆ ಇಂಟರ್ನೆಟ್ ಬೇಡ. ಹೊಸನಗರ, ಆಗುಂಬೆ ಕಡೆಯ ನೆಟ್‌ವರ್ಕ್ ಬಲ್ಲವರಿಗೆ ಇದರ ಬೆಲೆ ಗೊತ್ತು.

ತೀರ್ಪು ಮೊದಲೇ ಹೇಳಿಬಿಡೋಣ. ಮಾತನ್ನು ಸಮಯಕ್ಕೆ ಕಟ್ಟಿಡುವ ಕೆಲಸದಲ್ಲಿ ಎಲಾನ್ ತುಂಬ ಚೆನ್ನಾಗಿದೆ. ಆದರೆ ಕನ್ನಡದ ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಅದು ತೀರ್ಮಾನಿಸುವುದಿಲ್ಲ. ನಾವು ತಪ್ಪಾಗಿ ತೀರ್ಮಾನಿಸಿದರೆ ಅದನ್ನೇ ಸಾವಿರ ಸಾಲಿಗೂ ಹರಡಿಬಿಡುತ್ತದೆ. ಶಂಕರಘಟ್ಟದಲ್ಲೋ ಮೈಸೂರಿನಲ್ಲೋ ಎಂ.ಎ., ಪಿಎಚ್‌ಡಿ ಮಾಡುತ್ತಾ ಊರಿನ ಮಕ್ಕಳ ಮಾತು ಸಂಗ್ರಹಿಸಲು ಹೊರಟವರು ಎಡವುವುದು ಹೆಚ್ಚಾಗಿ ಇಲ್ಲೇ.

ಮೊದಲು ಕಡತಗಳ ವಿಚಾರ. ಧ್ವನಿಯ ಅಲೆ ಪರದೆಯ ಮೇಲೆ ಕಾಣಬೇಕಾದರೆ ವೇವ್ ಫೈಲನ್ನೇ ಕೊಡಿ. ಮೊಬೈಲಿನ ಎಂ4ಎ ಫೈಲನ್ನು, ಕಡತದ ರೂಪ ಬದಲಿಸುವ ಸಾಫ್ಟ್‌ವೇರ್ ಎಫ್ಎಫ್ಎಂಪೆಗ್‌ನಲ್ಲಿ 44.1 ಕಿಲೋಹರ್ಟ್ಸ್, 16 ಬಿಟ್, ಮೋನೋ ವೇವ್ ಆಗಿ ಪರಿವರ್ತಿಸಿದರೆ ಒಂದು ಗಂಟೆಗೆ ಸುಮಾರು 318 ಎಂಬಿ ಆಗುತ್ತದೆ. ವಿಡಿಯೋ ಇದ್ದರೆ ಎಚ್.264 ಎಂಬ ವಿಡಿಯೋ ಕುಗ್ಗಿಸುವ ಪದ್ಧತಿಯ ಎಂಪಿ4 ಸಾಕು, ಆದರೆ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ, ಸ್ಥಿರವಾಗಿರಬೇಕು. ಮಳೆಗಾಲದಲ್ಲಿ ಹೆಂಚಿನ ಮನೆಯ ಒಳಗೆ ಬೆಳಕು ಕಮ್ಮಿ. ಆಗ ಬಹಳಷ್ಟು ಮೊಬೈಲುಗಳು ತಾವಾಗಿಯೇ ಫ್ರೇಮ್ ರೇಟ್ ಇಳಿಸುತ್ತವೆ, ಬೆಳಕು ಬಂದಾಗ ಏರಿಸುತ್ತವೆ. ಅಂಥ ವಿಡಿಯೋ ಹಾಕಿದರೆ ಮೊದಲ ಹತ್ತು ನಿಮಿಷ ಎಲ್ಲ ಸರಿ ಇದ್ದಂತೆ ಕಂಡು, ಕೊನೆಕೊನೆಗೆ ಮಗುವಿನ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಕೆಲಸ ಶುರು ಮಾಡುವ ಮೊದಲೇ 25 ಅಥವಾ 30 ಫ್ರೇಮಿಗೆ ಸ್ಥಿರಗೊಳಿಸಿ. ಅರ್ಧ ಬರೆದ ಮೇಲೆ ವಿಡಿಯೋ ಬದಲಿಸಿದರೆ ಗುರುತುಗಳೆಲ್ಲ ಜಾಗ ತಪ್ಪುತ್ತವೆ. ಧ್ವನಿಗೆ ಬೇರೆ ರೆಕಾರ್ಡರ್ ಇಟ್ಟಿದ್ದರೆ ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆಸಿ. ಎರಡೂ ಫೈಲನ್ನು ಹೊಂದಿಸುವ ಮೋಡ್ ಎಲಾನ್‌ನಲ್ಲೇ ಇದೆ, ಚಪ್ಪಾಳೆಯ ಚೂಪು ಅಲೆ ಹಿಡಿದು ಹೊಂದಿಸಬಹುದು.

ಮೌನ ಎಲ್ಲಿ, ಮಾತು ಎಲ್ಲಿ ಎಂದು ತಾನೇ ಗುರುತಿಸುವ ಸಲಕರಣೆಯೂ ಒಳಗೇ ಇದೆ. ಬೇಸಿಗೆಯ ಮಧ್ಯಾಹ್ನ, ಜಗಲಿಯಲ್ಲಿ ಮಗು ಮತ್ತು ಅಜ್ಜಿ ಇಬ್ಬರೇ ಇದ್ದರೆ ಇದರಿಂದ ಸಾಕಷ್ಟು ಸಮಯ ಉಳಿಯುತ್ತದೆ. ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಬೀಳುತ್ತಿರುವಾಗ ಇದು ಪ್ರಯೋಜನಕ್ಕಿಲ್ಲ, ಏಕೆಂದರೆ ಮೌನವೇ ಇರುವುದಿಲ್ಲ. ಮೌನವೆಂದು ಎಣಿಸುವ ದನಿಯ ಮಿತಿ ಏರಿಸಿದರೆ ಮಗುವಿನ ಸಣ್ಣ ದನಿಯೂ ಮೌನವೆಂದೇ ಲೆಕ್ಕವಾಗುತ್ತದೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಮಷಿನ್ ಓಡುವ ಅಂಗಳದ್ದೂ ಅದೇ ಪಾಡು. ಮಗುವಿನ ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಬಳಸಿ, ಗುರುತು ಹಾಕುವುದನ್ನು ಕೈಯಲ್ಲೇ ಮಾಡಿ.

ಈಗ ಟಿಯರ್‌ಗಳಿಗೆ ಬರೋಣ. ಎಲಾನ್‌ನ ಜೀವ ಇರುವುದು ಇಲ್ಲಿ. ಟಿಯರ್ ಎಂದರೆ ಸಮಯದ ಉದ್ದಕ್ಕೂ ಹಾಸಿದ ಒಂದು ಸಾಲು. ಮಾತಾಡುವ ಪ್ರತಿಯೊಬ್ಬರಿಗೂ ಒಂದು ಮೂಲ ಸಾಲು ಬೇಕು, ಅದರ ಕೆಳಗೆ ಪದಗಳ ಸಾಲು, ಪದಗಳ ಕೆಳಗೆ ಪ್ರತ್ಯಯಗಳ ಸಾಲು, ಪ್ರತ್ಯಯಗಳಿಗೆ ಅಂಟಿಕೊಂಡು ವ್ಯಾಕರಣದ ಗುರುತು. ಮೂಲ ಸಾಲು ಸ್ವತಂತ್ರ. ಪದ ಮತ್ತು ಪ್ರತ್ಯಯಕ್ಕೆ 'ಸಿಂಬಾಲಿಕ್ ಸಬ್‌ಡಿವಿಷನ್', ವ್ಯಾಕರಣದ ಗುರುತಿಗೆ 'ಸಿಂಬಾಲಿಕ್ ಅಸೋಸಿಯೇಷನ್' ಎಂಬ ಬಗೆ ಆರಿಸಬೇಕು. ಮೊದಲನೆಯದು ಒಂದನ್ನು ಹಲವಾಗಿ ಒಡೆಯಲು, ಎರಡನೆಯದು ಒಂದಕ್ಕೊಂದು ಜೋಡಿಸಲು. ಅವಸರದಲ್ಲಿ ಎಲ್ಲವನ್ನೂ ಸ್ವತಂತ್ರ ಸಾಲಾಗಿ ಮಾಡಿಬಿಟ್ಟರೆ ಪದಕ್ಕೂ ವಾಕ್ಯಕ್ಕೂ ನಂಟೇ ಇರುವುದಿಲ್ಲ, ಆಮೇಲೆ ಆ ಬಗೆಯನ್ನು ಬದಲಿಸಲೂ ಬರುವುದಿಲ್ಲ. ಹೊಸ ಸಾಲು ಮಾಡಿ ನಕಲು ಮಾಡಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಮೂಲ ಸಾಲಿನ ಒಂದು ಗುರುತು ಅಳಿಸಿದರೆ ಅದರ ಕೆಳಗಿನ ಪದ, ಪ್ರತ್ಯಯ ಎಲ್ಲವೂ ಜತೆಗೇ ಹೋಗುತ್ತವೆ.

ಸಾಲುಗಳಿಗೆ ಹೆಸರಿಡುವಾಗ ಮಗುವಿಗೆ ಸಿಎಚ್ಐ, ತಾಯಿಗೆ ಎಂಒಟಿ ಎಂಬ ಮೂರಕ್ಷರದ ಸಂಕೇತ ಉಳಿಸಿಕೊಳ್ಳಿ. 1984ರಲ್ಲಿ ಬ್ರಯನ್ ಮ್ಯಾಕ್‌ವಿನ್ನಿ ಮತ್ತು ಕ್ಯಾಥರೀನ್ ಸ್ನೋ ಶುರು ಮಾಡಿದ, ಮಕ್ಕಳ ಮಾತಿನ ಚೈಲ್ಡ್ಸ್ ಸಂಗ್ರಹದ ಪದ್ಧತಿ ಅದು. ಮುಂದೆ ಅಲ್ಲಿನ ಕ್ಲಾನ್ ಸಾಫ್ಟ್‌ವೇರಿಗೆ ಫೈಲು ಒಯ್ಯುವಾಗ ತಲೆನೋವು ತಪ್ಪುತ್ತದೆ. ಇಡೀ ರಚನೆಯನ್ನು ಒಮ್ಮೆ ಟೆಂಪ್ಲೇಟ್ ಮಾಡಿ ಉಳಿಸಿ, ಪ್ರತಿ ಮನೆಯ ಫೈಲನ್ನೂ ಅದರಿಂದಲೇ ತೆರೆಯಿರಿ.

ಮಲೆನಾಡಿನಲ್ಲಿ ಇನ್ನೊಂದು ಸಾಲು ಬೇಕೇ ಬೇಕು: ಯಾವ ನುಡಿ ಎಂಬುದು. ಸಾಗರದ ಹವ್ಯಕರ ಮನೆಯ ಮಗು ಅಜ್ಜಿಗೆ 'ಆನು' ಎಂದು, ಅಂಗನವಾಡಿಯಲ್ಲಿ 'ನಾನು' ಎಂದು ಹೇಳುತ್ತದೆ. ಮತ್ತೂರಿನಲ್ಲಿ ಸಂಕೇತಿ, ಶಿವಮೊಗ್ಗ ಪೇಟೆಯಲ್ಲಿ ಉರ್ದು, ಬೇರೆ ಕಡೆ ಕೊಂಕಣಿ, ಲಂಬಾಣಿ. ಇವನ್ನು ಕೈಯಲ್ಲಿ ಟೈಪ್ ಮಾಡಲು ಬಿಟ್ಟರೆ ಒಬ್ಬರು 'ಹವ್ಯಕ', ಇನ್ನೊಬ್ಬರು 'ಹವಿಗನ್ನಡ' ಎಂದು ಬರೆದು ಲೆಕ್ಕ ಕೆಡುತ್ತದೆ. ಎಲಾನ್‌ನ ನಿಗದಿತ ಪದಪಟ್ಟಿಯ ಸೌಲಭ್ಯ ಬಳಸಿ, ಆಯ್ಕೆ ಮಾತ್ರ ಸಿಗುವಂತೆ ಮಾಡಿ. 'ಫ್ಯಾನು', 'ಬಸ್ಸು' ಇಂಗ್ಲಿಷೋ ಕನ್ನಡವೋ ಎಂಬ ಜಗಳಕ್ಕೂ ಮೊದಲೇ ಒಂದು ನಿಯಮ ಬರೆದಿಡಿ. ಇಂಗ್ಲಿಷ್ ಕಲಿಯದ ಅಜ್ಜಿಯ ಬಾಯಲ್ಲಿ ಬರುವ ಪದವೆಲ್ಲ ಕನ್ನಡವೇ ಎಂದುಕೊಂಡರೆ ಅರ್ಧ ಜಗಳ ಮುಗಿಯುತ್ತದೆ.

ಪದ ಒಡೆಯುವ ವಿಚಾರಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ವಾಕ್ಯದ ಸಾಲನ್ನು ಖಾಲಿ ಜಾಗ ನೋಡಿ ಪದಗಳಾಗಿ ತುಂಡರಿಸುವ 'ಟೋಕನೈಸ್' ಆಜ್ಞೆ ಎಲಾನ್‌ನಲ್ಲಿದೆ. ಒಂದು ಕ್ಲಿಕ್ಕಿಗೆ ಇಡೀ ಫೈಲು ಮುಗಿಯುತ್ತದೆ. ಆದರೆ ಅಮ್ಮ "ಬಿದ್ದು ಹೋಯ್ತಾ?" ಎಂದಳೆಂದೂ ಮಗು "ಬಿದ್ದೋಯ್ತು" ಎಂದಿತೆಂದೂ ಬರೆದಿದ್ದರೆ, ಅಮ್ಮನದು ಎರಡು ಪದ, ಮಗುವಿನದು ಒಂದು. 'ಮಾಡ್ತಾ ಇದೀನಿ' ಎರಡು, 'ಮಾಡ್ತಿದೀನಿ' ಒಂದು. ಬರೆಯುವವರ ಕೈಯ ರೂಢಿಯೇ ಮಗುವಿನ ಭಾಷೆಯ ಬೆಳವಣಿಗೆಯಾಗಿ ಗ್ರಾಫಿನಲ್ಲಿ ಕಾಣುತ್ತದೆ! 1973ರಲ್ಲಿ ಮನೋವಿಜ್ಞಾನಿ ರೋಜರ್ ಬ್ರೌನ್ ಇಂಗ್ಲಿಷ್ ಮಕ್ಕಳ ಮಾತಿನ ಸರಾಸರಿ ಉದ್ದವನ್ನು ಪದಗಳಲ್ಲಲ್ಲ, ಅರ್ಥವುಳ್ಳ ಚಿಕ್ಕ ತುಂಡುಗಳಲ್ಲಿ ಎಣಿಸಿದರು. ಒಂದೇ ಕ್ರಿಯಾಪದಕ್ಕೆ ಕಾಲ, ಪುರುಷ, ಪ್ರಶ್ನೆ ಎಲ್ಲ ಅಂಟುವ ಕನ್ನಡಕ್ಕಂತೂ ಪದದ ಎಣಿಕೆ ಏನೇನೂ ಸಾಲದು. ಎರಡು ಸಾಲು ಇಟ್ಟುಕೊಳ್ಳುವುದು ಒಳ್ಳೆಯದು: ಕೇಳಿದಂತೆ ಬರೆದದ್ದು ಒಂದು, ಬಿಡಿಸಿ ಬರೆದದ್ದು ಇನ್ನೊಂದು. ಟೋಕನೈಸ್ ಮಾಡುವುದು ಎರಡನೆಯದನ್ನು ಮಾತ್ರ.

ಪ್ರತ್ಯಯ ಒಡೆಯಲು ಇಂಟರ್‌ಲೀನಿಯರ್ ಮೋಡ್ ಇದೆ. ನಾವು ತುಂಬಿದ ಪದಕೋಶದ ತುಂಡುಗಳ ಜತೆ ಪದದ ಅಕ್ಷರಸಾಲನ್ನು ಹೋಲಿಸಿ ಅದು ಒಡೆಯಲು ನೋಡುತ್ತದೆ. ಕನ್ನಡ ಲಿಪಿಯಲ್ಲಿ ಇದು ಸೋಲುತ್ತದೆ, ಕಾರಣವೂ ಸರಳ: ನಮ್ಮ ಪ್ರತ್ಯಯದ ಗಡಿ ಬಹಳ ಸಲ ಅಕ್ಷರದ ಹೊಟ್ಟೆಯೊಳಗೆ ಬೀಳುತ್ತದೆ. 'ನೀರನ್ನು' ಎಂಬಲ್ಲಿ 'ನೀರು' ಕಾಣುವುದಿಲ್ಲ, ಉಕಾರ ಮಾಯವಾಗಿ 'ಅನ್ನು'ವಿನ ಅಕಾರ 'ರ'ದಲ್ಲಿ ಕರಗಿದೆ. 'ಮನೇಲಿ' ಎಂಬಲ್ಲಿ 'ಮನೆ'ಯೂ ಇಲ್ಲ, 'ಅಲ್ಲಿ'ಯೂ ಇಲ್ಲ. ಸಂಧಿಯ ನಿಯಮ ಎಲಾನ್‌ಗೆ ಗೊತ್ತಿಲ್ಲ. ಸ್ವರ, ವ್ಯಂಜನ ಬೇರೆಬೇರೆ ನಿಲ್ಲುವ ರೋಮನ್ ಲಿಪ್ಯಂತರದ ಸಾಲು, ಉದಾಹರಣೆಗೆ ಐಎಸ್ಒ 15919 ಪದ್ಧತಿಯದು, ಸೇರಿಸಿ ಒಡೆಯುವ ಕೆಲಸವನ್ನು ಅಲ್ಲೇ ಮಾಡಿದರೆ ಸಾಕಷ್ಟು ಸರಿಹೋಗುತ್ತದೆ. ಆಗಲೂ 'ಮನೇಲಿ'ಯಂಥ ರೂಪಗಳನ್ನು ಕೈಯಲ್ಲೇ ತಿದ್ದಬೇಕು.

ಇಷ್ಟೆಲ್ಲ ಕಷ್ಟ ಯಾಕೆಂದರೆ, ಕನ್ನಡ ಕಲಿಕೆಯ ಬಗ್ಗೆ ಜಗತ್ತು ಕೇಳಿರುವ ದೊಡ್ಡ ಪ್ರಶ್ನೆಗಳೇ ಪ್ರತ್ಯಯಗಳ ಮೇಲೆ ನಿಂತಿವೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವರ್ಷದ ಕನ್ನಡದ ಮಕ್ಕಳಿಗೆ ವಾಕ್ಯ ಹೇಳಿ ಆಟಿಕೆಗಳಲ್ಲಿ ಆಡಿ ತೋರಿಸಲು ಹೇಳಿದರು. 'ಮಾಡು' ಎಂಬುದನ್ನು 'ಮಾಡಿಸು' ಆಗಿಸುವ 'ಇಸು' ಪ್ರತ್ಯಯ ಇದೆಯೋ ಇಲ್ಲವೋ ಎಂಬುದಕ್ಕಿಂತ ವಾಕ್ಯದಲ್ಲಿ ಎಷ್ಟು ನಾಮಪದ ಇವೆ ಎಂಬುದನ್ನು ಹಿಡಿದು ಮಕ್ಕಳು 'ಮಾಡಿಸಿದ' ಅರ್ಥ ಕೊಟ್ಟುಕೊಂಡರು. ದೊಡ್ಡವರು ಪ್ರತ್ಯಯಕ್ಕೆ ಬೆಲೆ ಕೊಟ್ಟರು. ಆದರೆ ಮನೆಯ ಮಾತಿನಲ್ಲಿ ನಾಮಪದ ಬಿಟ್ಟುಹೋಗುವುದೇ ಹೆಚ್ಚು. "ಬೀಳ್ಸ್ದ" ಎಂದರೆ ಮುಗಿಯಿತು, ಯಾರು, ಏನನ್ನು ಎರಡೂ ಇಲ್ಲ. ಹಾಗಾಗಿ ಪ್ರತಿ ಕ್ರಿಯಾಪದಕ್ಕೂ 'ಹೇಳಿದ ನಾಮಪದ ಎಷ್ಟು', 'ಬಿಟ್ಟದ್ದು ಎಷ್ಟು', 'ಇಸು ಇದೆಯೇ' ಎಂಬ ಮೂರು ಸಾಲು ಟೆಂಪ್ಲೇಟಿನಲ್ಲೇ ಇಟ್ಟರೆ, ಮಗುವಿನ ಕಿವಿಗೆ ನಿಜವಾಗಿ ಬೀಳುವುದು ಏನು ಎಂದು ಎಣಿಸಬಹುದು. ಹಲವು ಫೈಲುಗಳಲ್ಲಿ ಒಟ್ಟಿಗೆ ಹುಡುಕುವ, ಒಂದು ಸಾಲಿನ ಷರತ್ತನ್ನು ಇನ್ನೊಂದರ ಜತೆ ಜೋಡಿಸುವ ಎಲಾನ್‌ನ ಹುಡುಕಾಟ ಇಲ್ಲಿ ಅದ್ಭುತವಾಗಿ ನಡೆಯುತ್ತದೆ. ಈ ಒಂದಕ್ಕಾಗಿ ಉಳಿದ ಕಿರಿಕಿರಿಗಳನ್ನೆಲ್ಲ ಸಹಿಸಬಹುದು.

ಬರೆಯುವ ವೇಗದ ವಿಚಾರ ಚುಟುಕಾಗಿ. ಮೊದಲು ಸೆಗ್ಮೆಂಟೇಶನ್ ಮೋಡಿನಲ್ಲಿ ಎಂಟರ್ ಒತ್ತುತ್ತಾ ಮಾತಿನ ಶುರು, ಕೊನೆ ಗುರುತಿಸಿ. ಕೈ ಕಿವಿಗಿಂತ ತಡ, ಆದ್ದರಿಂದ ಶುರುವಿನ ಗೆರೆ ಸ್ವಲ್ಪ ಮುಂದೆ ಬಿದ್ದು ಮೊದಲ ವ್ಯಂಜನ ಕತ್ತರಿಸಿಹೋಗುತ್ತದೆ; ಆಲ್ಟ್ ಹಿಡಿದು ಗೆರೆಯನ್ನು ಎಳೆದು ಸರಿಪಡಿಸಿ. ಆಮೇಲೆ ಟ್ರಾನ್ಸ್‌ಕ್ರಿಪ್ಷನ್ ಮೋಡ್: ಟ್ಯಾಬ್ ಒತ್ತಿದರೆ ಕೇಳಿಸುತ್ತದೆ, ಎಂಟರ್ ಒತ್ತಿದರೆ ಮುಂದಿನದಕ್ಕೆ ಹೋಗುತ್ತದೆ, ಮೌಸ್ ಮುಟ್ಟುವ ಅಗತ್ಯವೇ ಇಲ್ಲ. ಅಷ್ಟಾದರೂ ಒಂದು ಗಂಟೆಯ ಮಾತಿಗೆ ಹತ್ತು ಗಂಟೆ ಕೂರಲು ಸಿದ್ಧರಿರಿ, ಪ್ರತ್ಯಯದ ಕೆಲಸ ಬೇರೆ. ಫೈಲ್ ಮೆನುವಿನಲ್ಲಿ ಆಟೊಮ್ಯಾಟಿಕ್ ಬ್ಯಾಕಪ್ ಎಷ್ಟಕ್ಕೆ ಇದೆ ಎಂದು ಮೊದಲ ದಿನವೇ ನೋಡಿ 5 ನಿಮಿಷಕ್ಕೆ ಇಡಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಕರೆಂಟು ಹೋದರೆ ಎಲಾನ್ ಏನೂ ಮಾಡಲಾರದು.

ಕನ್ನಡ ಟೈಪಿಂಗಿನಲ್ಲಿ ಕಣ್ಣಿಗೆ ಕಾಣದ ಒಂದು ತೊಡಕಿದೆ. 'ಕೊ' ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎತ್ವ ಮತ್ತು ದೀರ್ಘ ಕೊಂಬು ಸೇರಿದ ಎರಡು ಸಂಕೇತವಾಗಿಯೂ ಬರೆಯಬಹುದು. ನೋಡಲು ಎರಡೂ ಒಂದೇ. ಇಬ್ಬರು ಬೇರೆಬೇರೆ ಕೀಲಿಮಣೆ ಬಳಸಿದ್ದರೆ 'ಕೊಡು' ಎಂದು ಹುಡುಕಿದಾಗ ಒಬ್ಬರದು ಸಿಗದೇ ಹೋಗಬಹುದು. ಎಲಾನ್‌ನ ಫೈಲು ಬರಿಯ ಎಕ್ಸ್‌ಎಂಎಲ್ ಪಠ್ಯ, ಹಾಗಾಗಿ ನಕಲು ಪ್ರತಿಯ ಮೇಲೆ, ಇಂಥ ಎರಡು ಸಂಕೇತಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತರುವ ನಾಲ್ಕು ಸಾಲಿನ ಪೈಥಾನ್ ಸ್ಕ್ರಿಪ್ಟ್ ಓಡಿಸಿದರೆ ಸರಿಯಾಗುತ್ತದೆ. ಹಳೆಯ, ಯೂನಿಕೋಡ್ ಅಲ್ಲದ 'ನುಡಿ' ಸಾಫ್ಟ್‌ವೇರಿನ ಫೈಲಿನಿಂದ ಅಂಟಿಸುವುದಂತೂ ಬೇಡವೇ ಬೇಡ.

ಎಲಾನ್ ಮಾಡದ ಕೆಲಸಗಳೂ ಇವೆ. ಮಗು 'ಹತ್ತು' ಎನ್ನುವಾಗ ಒತ್ತಕ್ಷರವನ್ನು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಅಳೆಯಲು ಆಮ್‌ಸ್ಟರ್‌ಡ್ಯಾಮಿನ ಪಾಲ್ ಬೋರ್ಸ್ಮ, ಡೇವಿಡ್ ವೀನಿಂಕ್ ಅವರ ಧ್ವನಿ ವಿಶ್ಲೇಷಣೆಯ ಸಾಫ್ಟ್‌ವೇರ್ ಪ್ರಾಟ್ ಬೇಕು. ಟೆಕ್ಸ್ಟ್‌ಗ್ರಿಡ್ ಎಂಬ ಪ್ರಾಟ್‌ನ ಫೈಲ್ ರೂಪದಲ್ಲಿ ಗುರುತುಗಳನ್ನು ಆಚೀಚೆ ಒಯ್ಯಬಹುದು. ಮಾತಿನ ಸರಾಸರಿ ಉದ್ದದ ಸಿದ್ಧ ಲೆಕ್ಕ ಬೇಕಾದರೆ ಕ್ಲಾನ್. ಇಬ್ಬರು ಬರೆದದ್ದು ಎಷ್ಟು ಹೊಂದುತ್ತದೆ ಎಂದು ಕಪ್ಪಾ ಅಳತೆಯಲ್ಲಿ ನೋಡುವ ಸೌಲಭ್ಯ ಮಾತ್ರ ಎಲಾನ್‌ನಲ್ಲೇ ಇದೆ. ರೆಕಾರ್ಡಿಂಗಿನಲ್ಲಿ ಬಂದ ಮನೆಯವರ ಹೆಸರುಗಳನ್ನು ಅದು ಮರೆಮಾಚುವುದಿಲ್ಲ. ಹೆಸರು ಬಂದ ಕಡೆಯನ್ನೆಲ್ಲ ಒಂದು ಪ್ರತ್ಯೇಕ ಸಾಲಿನಲ್ಲಿ ಗುರುತಿಸಿ, ಆ ಸಮಯಗಳನ್ನು ಹಿಡಿದು ಹಂಚಿಕೊಳ್ಳುವ ಪ್ರತಿಯ ಧ್ವನಿಯನ್ನು ಬೇರೆ ಕಡೆ ಅಳಿಸಬೇಕು.

ಕೊನೆಯ ಹಂತ ಟ್ಯಾಬ್ ಬೇರ್ಪಡಿಸಿದ ಪಠ್ಯವಾಗಿ ಹೊರತೆಗೆಯುವುದು. ಆ ಫೈಲನ್ನು ಎಕ್ಸೆಲ್‌ನಲ್ಲಿ ನೇರ ತೆರೆದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರ ಬರಬಹುದು. ಫೈಲು ಕೆಟ್ಟಿಲ್ಲ, ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ ಯುಟಿಎಫ್-8 ಆರಿಸಿ, ಇಲ್ಲವೇ ಲಿಬ್ರೆ ಆಫೀಸಿನಲ್ಲಿ ತೆರೆಯಿರಿ, ಅದು ತೆರೆಯುವಾಗಲೇ ಕೇಳುತ್ತದೆ.